ಕಾಕಾನ ಎರಡು ಬ್ಯಾಟರಿ, ನನ್ನ ಒಂದು ಜೀವ

ನಮ್ಮ ಬಾತ್‌ರೂಮಿನ ಗೂಡಿನಲ್ಲಿ ಒಂದು ವ್ಯಾಸಲೀನ್ ಡಬ್ಬಿ ಇದೆ. ಮೊನ್ನೆ ಬೆಳಿಗ್ಗೆ, ನಕ್ಕರೆ ತುಟಿ ಸೀಳುವಂಥ ಥಂಡಿಯಲ್ಲಿ, ನಿದ್ದೆಗಣ್ಣಿನಲ್ಲೇ ಅದರೊಳಗೆ ಬೆರಳು ಅದ್ದಿ ತುಟಿಯ ತನಕ ತಂದವನು ಹಾಗೇ ನಿಂತುಬಿಟ್ಟೆ. ಡಬ್ಬಿಯ ಅಂಚಿಗೆಲ್ಲ ಕಪ್ಪು ಬೆರಳಚ್ಚು. ಒಳಗೆ ಬೂದಿ ಬಣ್ಣದ ಒಂದು ಗೆರೆ. ಈ ವ್ಯಾಸಲೀನ್ ಮನುಷ್ಯರದ್ದಲ್ಲ, ಕಾಕಾನ ದೋಣಿಯ ಬ್ಯಾಟರಿಗಳದ್ದು. ಇನ್ನೊಂದು ಕ್ಷಣ ತಡವಾಗಿದ್ದರೆ ಸೀಸ, ಆಸಿಡ್ ಎರಡೂ ಹೊಟ್ಟೆಗಿಳಿದು ನಾನು ಸಾಯುತ್ತಿದ್ದೆ, ಇಲ್ಲವೇ ಚಾರ್ಜ್ ಆಗುತ್ತಿದ್ದೆ. ಎರಡೂ ಆಗಲಿಲ್ಲ. ಎದೆ ಮಾತ್ರ ಬಹಳ ಹೊತ್ತು ಡಬಡಬ ಹೊಡೆದುಕೊಂಡಿತು, ಹೋದ ವರ್ಷದ ಚಳಿಗಾಲ ಪೂರ್ತಿ ಹೊಡೆದುಕೊಂಡ ಹಾಗೆಯೇ.

ಹೈದರಾಬಾದಿನಲ್ಲಿ ಎಂಥ ದೋಣಿ ಎಂದು ನೀವು ಕೇಳುತ್ತೀರಿ. ಎಲ್ಲರೂ ಕೇಳುತ್ತಾರೆ. ಕೊಂಡಾಪುರ ದಾಟಿ ಇನ್ನೊಂದಿಷ್ಟು ದೂರ ಹೋದರೆ ಒಂದು ಕೆರೆ ಇದೆ. ಹೆಸರು ಹೇಳುವುದಿಲ್ಲ. ಹೇಳಿದರೆ ನೀವೆಲ್ಲ ಮುಂದಿನ ಭಾನುವಾರ ಕಾರು ತೊಗೊಂಡು ಬಂದು ಬಾತುಕೋಳಿಗಳಿಗೆ ಮಿಕ್ಸ್ಚರ್ ತಿನ್ನಿಸುತ್ತೀರಿ. ಆ ಕೆರೆಯಲ್ಲಿ ನಮ್ಮ ಕಾಕಾನದೊಂದು ಪುಟ್ಟ ಫೈಬರ್ ದೋಣಿ ಇದೆ. ಕಾಕಾ ಎಂದರೆ ನಮ್ಮಪ್ಪನ ತಮ್ಮ. ಸರ್ಕಾರಿ ನೀರಾವರಿ ಇಲಾಖೆಯಲ್ಲಿದ್ದು ರಿಟೈರ್ ಆದವರು. ಇಡೀ ನೌಕರಿಯಲ್ಲಿ ನೀರನ್ನು ಬರೀ ಕಾಗದದ ಮೇಲೆ ಹರಿಸಿದ್ದರಿಂದಲೋ ಏನೋ, ರಿಟೈರ್ ಆದ ಮೇಲೆ ನಿಜವಾದ ನೀರಿಗೆ ಇಳಿದರು. ಅವರಂಥವರೇ ಒಂದಿಷ್ಟು ಜನ ಕೂಡಿಕೊಂಡು ಕೆರೆಯಲ್ಲಿ ಬೆಳೆಯುವ ಅಂತರಗಂಗೆ ಕೀಳುತ್ತಾರೆ, ತೇಲುವ ಪ್ಲಾಸ್ಟಿಕ್ ಆರಿಸುತ್ತಾರೆ. ಎಂಜಿನ್ ಹಾಕಿದರೆ ಎಣ್ಣೆ ನೀರಿಗೆ ಬೀಳುತ್ತದೆಂದು ಕಾಕಾ ದೋಣಿಗೆ ಬ್ಯಾಟರಿ ಮೋಟಾರು ಕೂಡಿಸಿದ್ದಾರೆ. ಲಾರಿಗಿರುವಂಥ ದಪ್ಪ ಬ್ಯಾಟರಿಗಳು, ಎರಡು.

ಚಳಿಗಾಲಕ್ಕೆ ಎಲ್ಲೆಲ್ಲಿಂದಲೋ ಹಕ್ಕಿಗಳು ಬಂದು ಆ ಕೆರೆಯಲ್ಲಿ ಇಳಿಯುತ್ತವೆ. ಅವು ವಾಪಸು ಹೋಗುವ ತನಕ ಯಾರೂ ದೋಣಿ ಇಳಿಸಬಾರದೆಂದು ಇವರೇ ಮಾಡಿಕೊಂಡ ಕಟ್ಟಳೆ. ಹಾಗಾಗಿ ದೀಪಾವಳಿ ಮುಗಿಯುತ್ತಿದ್ದಂತೆ ದೋಣಿಯನ್ನು ದಂಡೆಗೆಳೆದು ಬೋರಲು ಹಾಕುತ್ತಾರೆ, ಹೋಳಿ ಹುಣ್ಣಿಮೆ ಆದ ಮೇಲೆ ಎತ್ತುತ್ತಾರೆ. ದೋಣಿಗೇನು, ಬೋರಲು ಮಲಗುತ್ತದೆ. ಬ್ಯಾಟರಿಗೆ ಹಾಗೆ ಮಲಗಲು ಬರುವುದಿಲ್ಲ. ಸುಮ್ಮನೆ ಬಿಟ್ಟರೆ ತನ್ನಷ್ಟಕ್ಕೆ ತಾನೇ ಇಳಿಯುತ್ತ ಹೋಗುತ್ತದೆ. ಇಳಿದದ್ದು ಹಾಗೇ ಉಳಿದರೆ ಒಳಗಿನ ಸೀಸದ ಹಲಗೆಗಳ ಮೇಲೆ ಬಿಳಿ ಪೊರೆ ಕಟ್ಟಿ ಗಟ್ಟಿಯಾಗುತ್ತದೆ. ಆಮೇಲೆ ಚಾರ್ಜ್ ಮಾಡಿದರೆ ತುಂಬಿದ ಹಾಗೆ ನಟಿಸುತ್ತದೆ, ನಡುನೀರಿನಲ್ಲಿ ಕೈ ಕೊಡುತ್ತದೆ.

ಹೋದ ವರ್ಷಕ್ಕೂ ಹಿಂದಿನ ವರ್ಷ ಹಾಗೇ ಆಗಿತ್ತು. ಆ ಚಳಿಗಾಲದಲ್ಲಿ ಕಾಕಾನ ಎದೆನೋವಿಗೆ ಸ್ಟೆಂಟ್ ಹಾಕಿದ್ದರು. ಆಸ್ಪತ್ರೆ, ಮನೆ ಎನ್ನುವುದರಲ್ಲಿ ಬ್ಯಾಟರಿಗಳ ನೆನಪು ಯಾರಿಗಿರಬೇಕು? ಬೇಸಿಗೆಗೆ ಕಾಕಾ ಚೇತರಿಸಿಕೊಂಡು ಒಬ್ಬರೇ ದೋಣಿ ಇಳಿಸಿದರು, ಅದು ನಡು ಕೆರೆಯಲ್ಲಿ ನಿಂತುಬಿಟ್ಟಿತು. ಹುಟ್ಟು ದಂಡೆಯ ಮೇಲೇ ಉಳಿದಿತ್ತು. ಮೀನುಗಾರರು ಹೋಗಿ ಎಳೆದು ತರುವ ತನಕ ಕಾಕಾ ಬಿಸಿಲಲ್ಲಿ ಕೂತಿದ್ದರು. ದಂಡೆಯ ಮೇಲೆ ಕಾಕು, ಅಂದರೆ ಕಾಕಾನ ಹೆಂಡತಿ, ನಿಂತು ನೋಡುತ್ತಿದ್ದರು.

ಹೊಸ ಬ್ಯಾಟರಿ ಬಂದವು. ಅವುಗಳ ಮೊದಲ ಚಳಿಗಾಲವೂ ಬಂತು. ಅದೇ ಹೊತ್ತಿಗೆ ಪುಣೆಯಲ್ಲಿರುವ ಅವರ ಮಗಳಿಗೆ ದಿನ ತುಂಬಿ, ಪ್ರಯಾಣ ಬೇಡವೆಂದು ಡಾಕ್ಟರು ಹೇಳಿದ್ದರಿಂದ, ಬಾಣಂತನಕ್ಕೆ ಇವರೇ ಅಲ್ಲಿಗೆ ಹೊರಟರು. ಹೊರಡುವ ಮುನ್ನ ಹಿಮಾಯತ್‌ನಗರದ ತಮ್ಮ ಮನೆಗೆ ನನ್ನನ್ನು ಕರೆಸಿದರು. ಕಾಕಾ ಮೂಲೆಯ ಕುರ್ಚಿಯಲ್ಲಿ ಅಪರಾಧಿಯ ಹಾಗೆ ಕೂತಿದ್ದರು.

"ಪವ್ಯಾ, ನೀನೂ ಕೇಳು," ಎಂದರು ಕಾಕು. "ಹೋಳಿ ಆದ ಮ್ಯಾಲೆ ದೋಣಿ ಇಳಸೂ ದಿನ ನಾನೂ ಅದರಾಗ ಕೂಡಾಕಿ. ಹೋದ ಸಲದಂಗ ನಡುವ ನಿಂತಿತಂದ್ರ ಅವತ್ತೇ ಅದನ್ನ ಯಾರಿಗ್ಯಾರ ಕೊಟ್ಟು ಕೈ ತೊಳಕೊಳ್ಳೂದು. ಇವರು ಒಪ್ಪ್ಯಾರ."

"ಒಪ್ಪೇನಿ ಅಂತ ಎಲ್ಲಿ ಅಂದೆ?" ಎಂದರು ಕಾಕಾ, ಗೋಡೆಗೆ.

"ಒಪ್ಪಿಲ್ಲೇನು?"

"ಒಪ್ಪೇನಿ."

ಸ್ಟೆಂಟ್ ಹಾಕಿಸಿಕೊಂಡ ಮೇಲೆ ಕಾಕಾ ಮನೆಯಲ್ಲಿ ಮಾತಾಡುವುದನ್ನೇ ಕಡಿಮೆ ಮಾಡಿದ್ದರು. ಪೇಪರು ಓದುವುದು, ಗುಳಿಗೆ ನುಂಗುವುದು, ಮತ್ತೆ ಪೇಪರು. ದೋಣಿಯಲ್ಲಿ ಕೂತರೆ ಮಾತ್ರ ಸೀಟಿ ಹೊಡೆಯುತ್ತಿದ್ದರು. ಅಷ್ಟು ಕೆಟ್ಟದಾಗಿ ಸೀಟಿ ಹೊಡೆಯುವ ಇನ್ನೊಬ್ಬರನ್ನು ನಾನು ಕಂಡಿಲ್ಲ. ಆದರೆ ಆ ಸೀಟಿ ನಿಂತುಹೋದರೆ ಏನು ಎನ್ನುವುದು ಕುರ್ಚಿಯಲ್ಲಿ ಕೂತ ಅವರ ಮೋರೆ ನೋಡಿದರೆ ಗೊತ್ತಾಗುತ್ತಿತ್ತು. ಆಗ ಅವರು ನನ್ನ ಕಡೆ ನೋಡಿ, "ಬ್ಯಾಟ್ರಿ ನಿನ್ನ ಫ್ಲ್ಯಾಟಿನಾಗ ಇರ್ತಾವಪಾ. ಜ್ವಾಕಿ," ಎಂದರು.

ಈ ಮಾತನ್ನು ಇಡೀ ತೆಲಂಗಾಣದಲ್ಲಿ ಯಾರಿಗಾದರೂ ಹೇಳಬಹುದಿತ್ತು. ನನಗೆ ಹೇಳಿದರು. ಬ್ಯಾಟರಿ ಎಂದರೆ ನನಗೆ ಕೂಸಿದ್ದಾಗಿನಿಂದಲೇ ಭಯ.

ಅದೇ ಹಿಮಾಯತ್‌ನಗರದ ಮನೆಯಲ್ಲಿ, ನಾನು ಸಣ್ಣವನಿದ್ದಾಗ, ಮೆಟ್ಟಿಲ ಕೆಳಗಿನ ಕತ್ತಲಲ್ಲಿ ಇನ್ವರ್ಟರಿನ ಬ್ಯಾಟರಿ ಇತ್ತು. "ಅದರ ಹತ್ರ ಹೋಗಬ್ಯಾಡೋ ಕೂಸs, ಅದು ನೀರು ಕುಡೀತೈತಿ," ಎಂದು ಅಜ್ಜಿ ಹೇಳಿದ್ದರು. ಬೇರೆ ಮಕ್ಕಳಿಗೆ ಗುಮ್ಮ ಬಂದು ಹಿಡಿಯುತ್ತಿತ್ತು. ನಮ್ಮ ಗುಮ್ಮನಿಗೆ ನೀರಡಿಕೆ. ಕತ್ತಲಲ್ಲಿ ಕೂತು ನೀರು ಕುಡಿಯುವ ಕರೀ ಪೆಟ್ಟಿಗೆ, ಕರೆಂಟು ಹೋದಾಗ ಕುಂಯ್ ಎಂದು ನರಳುವ ಪೆಟ್ಟಿಗೆ. ನೀರು ಸಾಲದೆ ನನ್ನ ಕಡೆ ತಿರುಗಿದರೆ ಎಂಬ ಮುಂದಾಲೋಚನೆಯಿಂದ ನಾನು ದಿನಾ ಸಂಜೆ ಒಂದು ಲೋಟ ನೀರನ್ನು ಅದರ ಮುಂದೆ ಇಟ್ಟು ಓಡಿಬರುತ್ತಿದ್ದೆ. ಮನೆಯ ಸ್ಟೀಲ್ ಲೋಟಗಳೆಲ್ಲ ಒಂದೊಂದಾಗಿ ಮಾಯವಾಗಿ, ಕೆಲಸದವಳ ಮೇಲೆ ಗುಮಾನಿ ಬರುವಷ್ಟರಲ್ಲಿ ಮೆಟ್ಟಿಲ ಕೆಳಗೆ ಲೋಟಗಳ ಪಂಕ್ತಿಯೇ ಸಿಕ್ಕಿತು.

ಆಮೇಲೊಮ್ಮೆ ಕಾಕಾ ನನ್ನನ್ನು ಭಾನುವಾರ ಅಬಿಡ್ಸ್‌ಗೆ ಕರೆದುಕೊಂಡು ಹೋದರು. ಫುಟ್‌ಪಾತಿನ ಮೇಲೆ ಹಾಸಿದ ಹಳೇ ಪುಸ್ತಕಗಳಲ್ಲಿ ನನಗೆರಡು ಕಾಮಿಕ್ಸ್ ಕೊಡಿಸಿ, ಬರುವಾಗ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿನ ಕ್ಯಾನು ಕೊಂಡು, ಆಟೋದಲ್ಲಿ ನನ್ನ ತೊಡೆಯ ಮೇಲಿಟ್ಟು, "ಅಲ್ಲಾಡಸಬ್ಯಾಡ" ಎಂದರು. ಮುಚ್ಚಳ ಸಡಿಲ ಇತ್ತು, ಅಷ್ಟೇ. ನನಗೆ ಹೇಗೆ ಗೊತ್ತಾಗಬೇಕು? ಬ್ಯಾಟರಿಗೆ ಹಾಕುವುದೆಂದರೆ ಆಸಿಡ್ಡೇ ಎಂದು ತಿಳಿದು, ಮನೆ ಮುಟ್ಟುವ ತನಕ ನಾನು ಉಸಿರಾಡಲಿಲ್ಲ. ಆಟೋ ಪ್ರತಿ ಗುಂಡಿಗೆ ಬಿದ್ದಾಗಲೂ ನನ್ನ ತೊಡೆಗಳಿಗೆ ಮನಸ್ಸಿನಲ್ಲೇ ವಿದಾಯ ಹೇಳುತ್ತಿದ್ದೆ. ಮನೆಯಲ್ಲಿ ಇಳಿಸಿದಾಗ ಕೈ ಬಿಡಿಸಲು ಬರಲೇ ಇಲ್ಲ. ಕ್ಯಾನಿನ ಸಮೇತ ನನ್ನನ್ನು ಎತ್ತಿ ಒಳಗೆ ತಂದರು. "ಬರೇ ನೀರಲೇ ಅದು!" ಎಂದು ಕಾಕಾ ನಗುತ್ತಿದ್ದರೆ ನಾನು ತೊಡೆ ಇವೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಇಂಥ ಧೀರನ ಬಾಲ್ಕನಿಗೆ ಎರಡು ಬ್ಯಾಟರಿ ಬಂದವು.

ಕೊಂಡಾಪುರದ ಆ ಫ್ಲ್ಯಾಟಿನಲ್ಲಿ ನಾನು, ನರೇಶ ಇಬ್ಬರೇ. ನರೇಶ ವಾರಂಗಲ್ಲಿನವ, ನನ್ನದೇ ಆಫೀಸು. ಕಂಪ್ಯೂಟರ್ ಕೆಟ್ಟಿದೆ ಎಂದು ಫೋನ್ ಮಾಡಿದವರಿಗೆ ಒಮ್ಮೆ ಆಫ್ ಮಾಡಿ ಆನ್ ಮಾಡ್ರಿ ಎಂದು ಹೇಳುವುದು ನಮ್ಮಿಬ್ಬರ ವಿದ್ಯೆ. ಬ್ಯಾಟರಿಗಳನ್ನು ನೋಡಿದವನೇ ನರೇಶ, "ಏಮಿರಾ ಇದಿ, ಬಾಂಬಾ?" ಎಂದ.

"ಅಲ್ಲ, ನಮ್ಮ ಕಾಕಾನವು," ಎಂದೆ. ಉತ್ತರದಿಂದ ಅವನಿಗೆ ಸಮಾಧಾನವಾದಂತೆ ಕಾಣಲಿಲ್ಲ.

ಕಾಕಾ ಎಲ್ಲ ಹೇಳಿ ಹೋಗಿದ್ದರು. ವೈರು ಬಿಚ್ಚಿಡಬೇಕು. ಬಿಸಿಲು ಬೀಳದ, ಗಾಳಿ ಆಡುವ ಜಾಗದಲ್ಲಿ ಹಲಗೆಯ ಮೇಲಿಡಬೇಕು. ಮೀಟರ್ ಹಚ್ಚಿ ನೋಡಿದರೆ ಹನ್ನೆರಡು ಪಾಯಿಂಟ್ ಆರರ ಮೇಲೆ ತೋರಿಸಬೇಕು, ಪಾಯಿಂಟ್ ನಾಲ್ಕಕ್ಕೆ ಇಳಿದರೆ ತಡಮಾಡದೆ ಚಾರ್ಜರ್ ಹಚ್ಚಬೇಕು. ಚಾರ್ಜ್ ತುಂಬಿದ ಮೇಲೆ ಒಳಗಿನ ನೀರು ಗುರುತಿನ ತನಕ ಇದೆಯೋ ನೋಡಿ, ಕಡಿಮೆಯಿದ್ದರೆ ಡಿಸ್ಟಿಲ್ಡ್ ವಾಟರ್ ಹಾಕಬೇಕು, ನಳದ ನೀರು ಎಂದೂ ಹಾಕಬಾರದು. "ಚಾರ್ಜ್ ಮಾಡಬೇಕಾದ್ರ ಅದು ಗ್ಯಾಸ್ ಬಿಡತೈತಿ, ಹತ್ರ ಬೆಂಕಿ ತರಬ್ಯಾಡ," ಎಂದು ಕೊನೆಗೊಂದು ಮಾತು ಸೇರಿಸಿದ್ದರು. ಮಿಕ್ಕಿದ್ದೆಲ್ಲ ಮರೆತುಹೋಗಿ ಆ ಕೊನೆಯ ಮಾತು ಮಾತ್ರ ತಲೆಯಲ್ಲಿ ಕೂತಿತು.

ನರೇಶ ಸಿಗರೇಟು ಸೇದುತ್ತಿದ್ದದ್ದು ಆ ಬಾಲ್ಕನಿಯಲ್ಲೇ. ಮೊದಲ ಸಲ ಚಾರ್ಜರ್ ಹಚ್ಚಿ, ದೇವರಿಗೆ ಕೈಮುಗಿದು ತಿರುಗಿದರೆ, ಬಾಯಲ್ಲಿ ಸಿಗರೇಟು ಹಚ್ಚಿಕೊಂಡೇ ನರೇಶ ಬರುತ್ತಿದ್ದಾನೆ. ನಾನು ಹಾರಿದೆ. ಹೇಗೆ ಹಾರಿದೆನೋ ಗೊತ್ತಿಲ್ಲ, ಶಾಲೆಯಲ್ಲಿ ಉದ್ದಜಿಗಿತದಲ್ಲಿ ಮರಳನ್ನೇ ಮುಟ್ಟದವನು ನಾನು. ಸಿಗರೇಟು ಕಿತ್ತು ಹೊರಗೆಸೆದೆ. ಅದು ಕೆಳಗಿನ ಮನೆಯವರು ಒಣಹಾಕಿದ್ದ ಲುಂಗಿಯ ಮೇಲೆ ಬಿದ್ದು, ಸುಟ್ಟ ತೂತೊಂದು ಕಣ್ಣು ತೆರೆಯಿತು. ಲುಂಗಿಯವರು ಮೇಲೆ ನೋಡಿ ತೆಲುಗಿನಲ್ಲಿ ನಮ್ಮ ವಂಶವನ್ನು ವಿಚಾರಿಸಿದರು. "ನಕ್ಕೋ ಭಾಯ್, ಬೇಡಪ್ಪಾ," ಎಂದ ನರೇಶ. ಒಳಗೆ ಬಂದು ಹೇಳಿದ, "ಸಿಗರೇಟಿಂದ ನಾನು ನಿಧಾನಕ್ಕೆ ಸಾಯ್ತಿದ್ದೆ. ನಿನ್ನ ಸಹವಾಸದಿಂದ ಈ ವಾರವೇ ಸಾಯ್ತೀನಿ." ಅಂದಿನಿಂದ ಅವನು ಬಾಲ್ಕನಿ ಬಿಟ್ಟ. ಕಾಲಕ್ರಮೇಣ ಸಿಗರೇಟೂ ಬಿಟ್ಟ ಎಂದು ಬರೆಯಲು ಆಸೆ, ಆದರೆ ಅವನು ಟೆರೇಸಿಗೆ ಹೋಗುತ್ತಾನೆ.

ಭಯ ಇದ್ದವನು ಸುಮ್ಮನೆ ಕೂರಬೇಕು. ನಾನು ವಿಡಿಯೋ ನೋಡಿದೆ. ಚಳಿಗಾಲದಲ್ಲಿ ದೋಣಿಯ ಬ್ಯಾಟರಿ ಕಾಪಾಡುವುದು ಹೇಗೆ ಎಂದು ಹುಡುಕಿದರೆ, ಗಡ್ಡದ ಮೇಲೆ ಹಿಮ ಬಿದ್ದ ಯಾರೋ ಒಬ್ಬ ಬಿಳಿಯ, ಥಂಡಿಗೆ ಬ್ಯಾಟರಿ ಒಳಗೇ ಗಡ್ಡೆ ಕಟ್ಟಿ ಒಡೆದುಹೋಗುತ್ತದೆ ಎಂದು ಒಡೆದ ಬ್ಯಾಟರಿಯನ್ನೇ ತೋರಿಸಿದ. ಹೊರಗೆ ಕೊಂಡಾಪುರದ ಡಿಸೆಂಬರ್. ಜನ ಸ್ವೆಟರ್ ಹಾಕಿಕೊಂಡು ಐಸ್‌ಕ್ರೀಮ್ ತಿನ್ನುವ ಥಂಡಿ. ಇಷ್ಟಕ್ಕೆ ಯಾವುದೂ ಗಡ್ಡೆ ಕಟ್ಟುವುದಿಲ್ಲ ಎಂಬುದು ಶಾಲೆ ಕಲಿತವನಿಗೆ ಹೊಳೆಯಬೇಕಿತ್ತು. ನನಗೆ ಹೊಳೆದದ್ದು ಕೌದಿ.

ಹಳೇ ಸೀರೆಗಳ ತುಂಡು ಕೂಡಿಸಿ ಅಜ್ಜಿ ಹೊಲಿದ ಕೌದಿ ಅದು. ಅಜ್ಜಿ ಹೋದ ಮೇಲೆ ಕಾಕು ಅದನ್ನು ನನಗೆ ಕೊಟ್ಟಿದ್ದರು. ಪುಣೆಯಲ್ಲಿ ಕಾಕು ಮೊಮ್ಮಗಳನ್ನು ಬಟ್ಟೆಯಲ್ಲಿ ಸುತ್ತಿ ಮಲಗಿಸುವುದನ್ನು ಫೋನಿನಲ್ಲಿ ನೋಡಿ, ಇಲ್ಲಿ ನಾನು ಎರಡು ಬ್ಯಾಟರಿಗಳನ್ನೂ ಅದೇ ಥರ ಸುತ್ತಿ, ತುದಿಗಳನ್ನು ಕೆಳಗೆ ಸಿಕ್ಕಿಸಿ, ಚಾರ್ಜರ್ ವೈರಿನ ಮೂತಿಯಷ್ಟೇ ಹೊರಗಿಟ್ಟೆ. ಬಾಣಂತನ ಎರಡೂ ಊರಲ್ಲಿ ಚೆನ್ನಾಗಿ ನಡೆದಿತ್ತು. ನಾನು ಮಾತ್ರ ಚಾದರವಿಲ್ಲದೆ ನಡುಗುತ್ತ ಮಲಗುತ್ತಿದ್ದೆ. ಆ ತ್ಯಾಗಕ್ಕೆ ನನಗೇ ಕಣ್ಣೀರು ಬರುತ್ತಿತ್ತು.

ಒಂದು ಭಾನುವಾರ ಕಾಕಾ ವಿಡಿಯೋ ಕಾಲ್ ಮಾಡಿ ಬ್ಯಾಟರಿ ತೋರಿಸು ಎಂದರು. ಹೆಮ್ಮೆಯಿಂದ ತೋರಿಸಿದೆ. ಆ ಕಡೆ ಕಾಕಾ ಕನ್ನಡಕ ಸರಿಮಾಡಿಕೊಂಡರು.

"ಪವ್ಯಾ. ಅದೇನು ಹೊದಿಸೀ?"

"ಕೌದಿರಿ ಕಾಕಾ. ಥಂಡಿ ಐತಲ್ಲರಿ."

"ಚಾರ್ಜರ್ ಹಚ್ಚಿ ಕೌದಿ ಹೊದಿಸೀ?"

"ಹೂನ್ರಿ. ಬೆಚ್ಚಗ ಅದಾವು. ಮುಟ್ಟಿದ್ರ ಬಿಸಿ ಹತ್ತತಾವು."

"ಏ ಹುಚ್ಚಪ್ಪಾ!" ಕಾಕಾ ಎದ್ದು ನಿಂತದ್ದು ಫೋನಿನಲ್ಲಿ ಕಂಡಿತು. "ಮೊದಲು ಗ್ವಾಡಿ ಮ್ಯಾಲಿನ ಸ್ವಿಚ್ ಆಫ್ ಮಾಡು! ಗ್ಯಾಸ್ ಬಿಡತೈತಿ ಅಂತ ಹೇಳಿದ್ನಿಲ್ಲೋ? ಅದನ್ನ ಕೌದ್ಯಾಗ ತುಂಬಿ ಇಟ್ಟೀಯಲ್ಲ! ಒಂದು ಕಿಡಿ ಬಿದ್ದಿದ್ರ ಮುಚ್ಚಳಾ ಹಾರಿ ಆಸಿಡ್ ಮಾರಿಗೆ ಬರತಿತ್ತು. ಇಲ್ಲಿ ಬರ್ಫ ಎಲ್ಲಿ ಬೀಳತೈತಲೇ?"

ಸ್ವಿಚ್ ಆಫ್ ಮಾಡಿ, ಕೋಲಿನ ತುದಿಯಿಂದ ಕೌದಿ ಸರಿಸಿ, ನಾನೂ ನರೇಶನೂ ಅಡುಗೆಮನೆಯಲ್ಲಿ ಅವಿತುಕೊಂಡೆವು. ಏನೂ ಹಾರಲಿಲ್ಲ. ಬಹಳ ಹೊತ್ತಿನ ಮೇಲೆ ಬಗ್ಗಿ ನೋಡಿದರೆ, ಕೌದಿಯ ಒಳಮೈಯಲ್ಲಿ ಅಲ್ಲಲ್ಲಿ ತೂತು. ಅಜ್ಜಿಯ ನೇರಳೆ ಸೀರೆಯ ತುಂಡು ಬೆರಳು ತಾಗಿಸಿದರೆ ಪುಡಿಯಾಗುತ್ತಿತ್ತು. ಬ್ಯಾಟರಿಯ ಗುಬಟಗಳ ಮೇಲೆ, ವೈರು ಕೂಡಿಸುವ ಆ ಎರಡು ಸೀಸದ ಮೊಳೆಗಳ ಸುತ್ತ, ಹತ್ತಿಯಂಥ ಬಿಳಿ ಪುಡಿ ಬೆಳೆದಿತ್ತು. ಒಳಗಿನ ಬಿಳಿ ಪೊರೆಯೇ ಹೊರಗೆ ಬಂದಿದೆ, ಬ್ಯಾಟರಿ ಸತ್ತಿದೆ, ದೋಣಿ ಹೋಯಿತು, ಕಾಕಾನ ಸೀಟಿ ಹೋಯಿತು ಎಂದುಕೊಂಡು ಫೋನನ್ನು ಅದರ ಕಡೆ ಹಿಡಿದೆ.

"ಸತ್ತಿಲ್ಲ, ಅದು ಹೊರಗಿನ ಜಂಗು," ಎಂದರು ಕಾಕಾ ಫೋನಿನಲ್ಲಿ. "ಮುಚ್ಚಳಾ ಬಿಗಿ ಐತೇನು ನೋಡಿ, ಅಡಿಗಿ ಸೋಡಾ ನೀರಾಗ ಕಲಿಸಿ ಬ್ರಶ್ಲೆ ತಿಕ್ಕು. ತೊಳಿ, ಒರಸು, ವ್ಯಾಸಲೀನ್ ಹಚ್ಚು."

ನಾನು ಅಂಗಡಿಗೆ ಹೋಗಿ ಸೋಡಾ ಎಂದೆ. ಅವನು ಬಟ್ಟೆ ಸೋಡಾ ಕೊಟ್ಟ. ಜಾಸ್ತಿ ಹಾಕಿದರೆ ಜಾಸ್ತಿ ಒಳ್ಳೆಯದೆಂದು ಹಿಟ್ಟು ಕಲಸಿದ ಹಾಗೆ ಗಟ್ಟಿಯಾಗಿ ಕಲಸಿ, ಮೂಗಿಗೆ ಕರವಸ್ತ್ರ, ಕಣ್ಣಿಗೆ ಹೆಲ್ಮೆಟ್, ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ನರೇಶನ ಹಳೇ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿದೆ. ಸೋಡಾ ಬುರುಬುರು ನೊರೆಯೆದ್ದಿತು. ಆ ಸದ್ದಿಗೇ ಹೆದರಿ, ತೊಳೆಯುವುದನ್ನು ಮರುದಿನಕ್ಕೆ ಬಿಟ್ಟು ಒಳಗೆ ಓಡಿದೆ.

ಮರುದಿನ ಸಂಕ್ರಾಂತಿ. ಬೆಳಿಗ್ಗೆಯೇ ಕಾಕು ಫೋನ್ ಮಾಡಿ, "ಸ್ನಾನಾ ಮಾಡಿದಿ? ಆ ಬ್ಯಾಟ್ರಿಗೆ ಒಂದ ಬಟ್ಟು ಅರಿಷಿಣಾ ಹಚ್ಚು. ನಾ ಅವಕ್ಕ ಭಾಳ ಬೈದೇನಿ, ಹಬ್ಬದ ದಿನಾರ ಶಾಂತ ಇರಲಿ," ಎಂದರು. ಫೋನನ್ನು ಗೋಡೆಗೆ ಆನಿಸಿ, ಅವರು ನೋಡುತ್ತಿರುವಂತೆಯೇ ಅರಿಶಿನ ಕಲಸಿ, ಉಸಿರು ಬಿಗಿಹಿಡಿದು ಗುಬಟದ ಪಕ್ಕ ಬೆರಳಿಟ್ಟೆ.

ಬೆರಳ ಕೆಳಗೆ ಅರಿಶಿನ ಕೆಂಪಾಯಿತು. ಹಳದಿ ನೋಡನೋಡುತ್ತಿದ್ದಂತೆ ಕೇಸರಿಯಾಗಿ, ಕೇಸರಿ ಹೋಗಿ ರಕ್ತವಾಯಿತು. ಅಂಚಿನಿಂದ ಒಂದು ಕೆಂಪು ಹನಿ ಮೆಲ್ಲಗೆ ಕೆಳಗಿಳಿಯಿತು. ನನ್ನ ಬೆರಳ ತುದಿಯೂ ಕೆಂಪು. ನಾನು ಕಿರುಚಿದ್ದು ಕೆಳಗಿನ ಲುಂಗಿಯವರಿಗೂ ಕೇಳಿಸಿತಂತೆ. ಮೆಟ್ಟಿಲ ಕೆಳಗಿನ ನೀರು ಕುಡಿಯುವ ಪೆಟ್ಟಿಗೆ ಇಷ್ಟು ವರ್ಷ ನನ್ನನ್ನು ಹುಡುಕಿ ಹುಡುಕಿ ಇವತ್ತು ಹಿಡಿಯಿತು ಎಂದೇ ನನಗೆ ಅನಿಸಿತು.

"ರಕ್ತರಿ ಕಾಕು! ಬ್ಯಾಟ್ರಿಗೆ ರಕ್ತ ಬರಾಕತ್ತೈತ್ರಿ!"

"ನಿನ್ನ ಬೆರಳು ಕುಯ್ದಿತೇನು?"

"ನಂದಲ್ಲರಿ, ಅದರದ್ದು!"

ಕಾಕು ಫೋನಿಗೆ ಮೂಗು ತಾಗುವಷ್ಟು ಬಗ್ಗಿ ನೋಡಿದರು. ಅವರ ಮುಖದಲ್ಲೂ ಒಂದು ಗಳಿಗೆ ಬಣ್ಣ ಇಳಿದದ್ದು ಕಂಡಿತು. ಆಮೇಲೆ ಕೇಳಿದರು, "ನೀ ಅದಕ್ಕೇನು ಹಚ್ಚಿದ್ದಿ?"

"ಸೋಡಾರಿ. ಕಾಕಾ ಹೇಳಿದ್ರು."

"ತೊಳದಿ?"

"ಇಲ್ರಿ."

"ಎಲಾ ಇವನ! ಆರತಿ ನೀರು ಹೆಂಗ ಕೆಂಪಗ ಆಗತೈತೋ? ಅರಿಷಿಣಕ್ಕ ಸುಣ್ಣಾ ಬಿದ್ರ ಕೆಂಪಗ ಆಗೂದಿಲ್ಲೇನು? ಸೋಡಾನೂ ಹಂಗs. ಹುಟ್ಟಿದಾಗಿಂದ ಹಬ್ಬಕ್ಕೊಮ್ಮೆ ಮಾರಿ ಮುಂದ ಆರತಿ ಎತ್ತಿಸಿಕೊಂಡೀಯಲ್ಲೋ, ಒಮ್ಮೆರ ತಾಟಿನ್ಯಾಗ ಹಣಿಕಿ ಹಾಕಿ ನೋಡೀ?" ಎಂದು ಬೈಯುತ್ತ ಬೈಯುತ್ತ ಕಾಕು ನಗಲು ಶುರುಮಾಡಿದರು. ನಕ್ಕು ಸುಸ್ತಾಗಿ ಕಣ್ಣೊರೆಸಿಕೊಂಡು ತಟ್ಟನೆ ಗಂಭೀರವಾದರು. "ಆದ್ರ ಪವ್ಯಾ, ನನಗೂ ಜೀವ ಝಲ್ಲ ಅಂತು ನೋಡು."

ತೊಳೆದೆ, ಒರೆಸಿದೆ, ವ್ಯಾಸಲೀನ್ ಹಚ್ಚಿದೆ. ರೊಟ್ಟಿಗೆ ಬೆಣ್ಣೆ ಹಚ್ಚುವ ಹಾಗೆ ಹಚ್ಚಿದೆ. ಆಮೇಲೆ ಹೋಳಿಯ ತನಕ ಆ ಬ್ಯಾಟರಿಗಳು ಹನ್ನೆರಡು ಪಾಯಿಂಟ್ ಆರಕ್ಕಿಂತ ಕೆಳಗೆ ಬಹಳ ದಿನ ಇರಲಿಲ್ಲ. ನನ್ನ ತೂಕ ಮಾತ್ರ ಇಳಿಯಿತು.

ಹಕ್ಕಿಗಳು ಹೋದವು. ಕಾಕಾ, ಕಾಕು ಪುಣೆಯಿಂದ ಬಂದರು. ಕೆರೆಯ ದಂಡೆಯಲ್ಲಿ ಬೆಳಗಿನ ಬಿಸಿಲಿಗೆ ದೋಣಿ ಅಂಗಾತ ಮಾಡಿ, ಬ್ಯಾಟರಿ ಪೆಟ್ಟಿಗೆಯಲ್ಲಿ ಎರಡನ್ನೂ ಕೂಡಿಸಿ ವೈರು ಸಿಕ್ಕಿಸುವ ಕೆಲಸ ನನಗೇ ಬಂತು. ಕಾಕಾ ಪಾನಾ ಕೊಟ್ಟು ನಟ್ಟು ಬಿಗಿ ಎಂದರು. ಪಾನಾ ಕಬ್ಬಿಣದ್ದು. ಅದು ಒಂದೇ ಸಲ ಎರಡೂ ಗುಬಟಗಳಿಗೆ ತಾಗಿದರೆ ಕಿಡಿ ಹಾರುತ್ತದೆಂದು ಅದೇ ಗಡ್ಡದ ಬಿಳಿಯ ತೋರಿಸಿದ್ದ. ನಾನು ಕಾಕಾ ಆ ಕಡೆ ತಿರುಗಿದಾಗ ಪಾನಾ ಕೆಳಗಿಟ್ಟು, ಎರಡು ಬೆರಳಿಗೆ ಕರವಸ್ತ್ರ ಸುತ್ತಿಕೊಂಡು ನಟ್ಟು ತಿರುಗಿಸಿದೆ. ಬಿಗಿಯಾದ ಹಾಗೆ ಅನಿಸಿತು. ಅನಿಸಲಿ ಎಂದು ನಾನು ಬಹಳ ಆಸೆಪಟ್ಟದ್ದೂ ಹೌದು.

ಕಾಕು ಸೀರೆಯ ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಕಟ್ಟಿಕೊಂಡು, ಮಡಿಲಲ್ಲಿ ಅವಲಕ್ಕಿ ಡಬ್ಬಿ ಇಟ್ಟುಕೊಂಡು ಕೂತರು. ನನ್ನನ್ನು ಬ್ಯಾಟರಿ ಪೆಟ್ಟಿಗೆಯ ಮೇಲೇ ಕೂಡಿಸಿದರು. ಕೆಳಗೆ ಆಸಿಡ್, ಅದರ ಕೆಳಗೆ ನೀರು. ನನಗೆ ಈಜು ಬರುವುದಿಲ್ಲ. ಕಾಕಾ ಗುಂಡಿ ಒತ್ತಿದರು, ಮೋಟಾರು ದುಂಬಿಯ ಹಾಗೆ ಗುಂಯ್‌ಗುಟ್ಟಿತು, ದಂಡೆ ಹಿಂದೆ ಸರಿಯಿತು. ಸ್ವಲ್ಪ ಹೊತ್ತಿಗೆ ಕಾಕಾ ಸೀಟಿ ಶುರುಮಾಡಿದರು. ಅದೇ ಹಳೇ ಕೆಟ್ಟ ಸೀಟಿ. ಕಾಕು ಕೆರೆಯ ಕಡೆ ನೋಡದೆ ಕಾಕಾನನ್ನೇ ನೋಡುತ್ತಿದ್ದರು.

ನಡು ಕೆರೆಯಲ್ಲಿ ಮೋಟಾರು ನಿಂತಿತು.

ಸೀಟಿಯೂ ನಿಂತಿತು. ನೀರು ದೋಣಿಗೆ ಚಪ್ ಚಪ್ ಎನ್ನುವುದು ಬಿಟ್ಟರೆ ಬೇರೆ ಸದ್ದಿಲ್ಲ. ಕಾಕಾ ಗುಂಡಿಯನ್ನು ಎರಡು ಸಲ ಒತ್ತಿದರು. ನಾನು ಕಲಿತ ವಿದ್ಯೆಯೇ ಅದು, ಆಫ್ ಮಾಡಿ ಆನ್ ಮಾಡುವುದು. ಅದರಿಂದ ಏನೂ ಆಗಲಿಲ್ಲ. ಕಾಕು ಮುಂದೆ ಬಾಗಿ ಕಾಕಾನ ಮಣಿಕಟ್ಟು ಹಿಡಿದುಕೊಂಡರು. ಬೆರಳುಗಳು ನಾಡಿಯ ಮೇಲಿದ್ದವು.

"ನಾ ಆರಾಮ ಅದೀನಿ," ಎಂದರು ಕಾಕಾ.

"ಸುಮ್ನ ಕೂಡ್ರಿ." ಕಾಕು ಕೈ ಬಿಡಲಿಲ್ಲ. ಆಮೇಲೆ ನನ್ನ ಕಡೆ ತಿರುಗದೆಯೇ ನನಗೆ ಹೇಳಿದರು. "ಹೋದ ಸಲ ಆ ದಂಡಿ ಮ್ಯಾಲೆ ನಿಂತಿದ್ದೆ ಪವ್ಯಾ. ಇಲ್ಲಿ ಇವರು ಸಾಸಿವಿ ಕಾಳಿನಷ್ಟು ಕಾಣತಿದ್ರು, ಅಲ್ಲಾಡವಲ್ರು. ದೋಣಿ ನಿಂತೈತೋ, ಇವರು ನಿಂತಾರೋ, ನನಗ ಹೆಂಗ ತಿಳೀಬೇಕು?"

ಕಾಕಾ ದಂಡೆಯ ಕಡೆ ತಿರುಗಿ ನೋಡಿದರು. ಅವರಿಗೂ ಇದು ಈಗಲೇ ಗೊತ್ತಾದದ್ದೆಂದು ಕಾಣುತ್ತದೆ.

ನನಗೆ ನಾನು ಕೂತ ಪೆಟ್ಟಿಗೆಯಿಂದ ಎದ್ದು ಅದರ ಮುಚ್ಚಳ ತೆರೆಯದೆ ಬೇರೆ ದಾರಿ ಇರಲಿಲ್ಲ. ತೆರೆದೆ. ವೈರಿನ ತುದಿಯ ಬಳೆ ಗುಬಟದ ಮೇಲೆ, ನಾನು ಬೆಣ್ಣೆಯಂತೆ ಬಳಿದ ವ್ಯಾಸಲೀನಿನಲ್ಲಿ ಜಾರಿ, ಓರೆಯಾಗಿ ಕೂತಿತ್ತು. ನಟ್ಟು ಕರವಸ್ತ್ರದ ಬಿಗಿಗಿಂತ ಹೆಚ್ಚು ಬಿಗಿಯಾಗಿರಲೇ ಇಲ್ಲ.

"ಇದು... ಬ್ಯಾಟ್ರೀದು ತಪ್ಪಲ್ರಿ," ಎಂದೆ. "ನಟ್ಟು ನಾ ಬಿಗಿದಿಲ್ರಿ. ಅಂಜಿಕಿ ಆತು."

ಕಾಕಾ ಮೋಟಾರಿನ ಗುಂಡಿ ಆಫ್ ಮಾಡಿ, ಪಾನಾ ನನ್ನ ಮುಂದೆ ಹಿಡಿದರು. ಅವರೇ ಬಿಗಿಯಬಹುದಿತ್ತು. ಆದರೆ ಅವರ ಒಂದು ಕೈ ಕಾಕು ಹತ್ತಿರ ಇತ್ತು, ಅದನ್ನು ಬಿಡಿಸಿಕೊಳ್ಳುವ ಮನಸ್ಸು ಅವರಿಗಿರಲಿಲ್ಲ. ನಾನು ಪಾನಾ ಹಿಡಿದೆ. ಬಳೆ ಸರಿಯಾಗಿ ಕೂಡಿಸಿ, ಪಾನಾ ಒಂದೇ ಗುಬಟಕ್ಕೆ ಹಚ್ಚಿ, ಕಣ್ಣು ಮುಚ್ಚಿ ತಿರುಗಿಸಿದೆ. ತಿರುಗುವಷ್ಟೂ ತಿರುಗಿಸಿದೆ.

"ಕಣ್ಣು ತಗೀಲೇ, ಆತು," ಎಂದರು ಕಾಕಾ.

ಮೋಟಾರು ಗುಂಯ್ ಎಂದಿತು.

ಕಾಕಾ ದೋಣಿಯನ್ನು ದಂಡೆಯ ಕಡೆ ತಿರುಗಿಸಿದರು. ಕೊಟ್ಟ ಮಾತು ಮಾತೇ. ನಡುವೆ ನಿಂತದ್ದಂತೂ ನಿಜ. ದಂಡೆ ಹತ್ತಿರ ಬಂದಾಗ ಕಾಕಾ ವೇಗ ತಗ್ಗಿಸಿದರು. ಆಗ ಕಾಕು ಅವಲಕ್ಕಿ ಡಬ್ಬಿ ತೆರೆಯುತ್ತ, "ಯಾಕ, ಇಷ್ಟs ಏನು? ಇನ್ನೊಂದ ಸುತ್ತು ಹಾಕ್ರಿ," ಎಂದರು. ಡಬ್ಬಿಯ ಮುಚ್ಚಳದಲ್ಲಿ ನನಗೂ ಒಂದು ಹಿಡಿ ಹಾಕಿ ಹೇಳಿದರು, "ದೋಣಿ ಇರಲಿ. ಒಬ್ರ ಹೋಗೂಹಂಗಿಲ್ಲ. ಮತ್ತ ಥಂಡ್ಯಾಗ ಬ್ಯಾಟ್ರಿ ಇವನ ಹತ್ರನs ಇರಲಿ. ಇವನಷ್ಟು ಅಂಜಿ ನೋಡಿಕೊಳ್ಳಾವ್ರು ಯಾರೂ ಸಿಗೂದಿಲ್ಲ."

ಹಾಗಾಗಿ ಈ ಚಳಿಗಾಲವೂ ಅವು ನನ್ನ ಬಾಲ್ಕನಿಯಲ್ಲಿವೆ. ಬರಿಮೈಯಲ್ಲಿ, ಹಲಗೆಯ ಮೇಲೆ. ಕೌದಿಯ ತೂತುಗಳಿಗೆ ಕಾಕು ತಮ್ಮ ಸೀರೆಯ ತುಂಡು ಹಚ್ಚಿ ಹೊಲಿದುಕೊಟ್ಟಿದ್ದಾರೆ, ಅದನ್ನು ನಾನೇ ಹೊದೆಯುತ್ತೇನೆ. ಭಾನುವಾರಕ್ಕೊಮ್ಮೆ ಮೀಟರ್ ಹಚ್ಚುತ್ತೇನೆ. ಮೊದಲೆಲ್ಲ ಕಾಕಾ ಫೋನ್ ಮಾಡುತ್ತಿದ್ದರು, ಈಗ ಕಾಕು ಮಾಡುತ್ತಾರೆ.

"ಎಷ್ಟ ತೋರಸಾಕತ್ತೈತೋ?"

"ಹನ್ನೆರಡು ಪಾಯಿಂಟ್ ಏಳ್ರಿ ಕಾಕು. ಎರಡೂ."

ಆ ಕಡೆ ಉಸಿರು ಬಿಟ್ಟದ್ದು ಕೇಳುತ್ತದೆ. "ಹಂಗಾರ ಇವರೂ ಆರಾಮ ಅದಾರ ಬಿಡು. ಮುಂಜಾನಿ ಯಾಕೋ ಸುಸ್ತು ಅಂತಿದ್ರು."

ಈ ಮಾತು ಮೊದಲ ಸಲ ಕೇಳಿದಾಗ ನಾನು ನಕ್ಕಿದ್ದೆ. ಫೋನ್ ಇಟ್ಟ ಮೇಲೆ ಆ ನಗೆ ಉಳಿಯಲಿಲ್ಲ. ಆಸಿಡ್, ಗ್ಯಾಸ್, ಕಿಡಿ ಎಲ್ಲಕ್ಕೂ ಹೆದರಿ ಮುಗಿಸಿದೆ ಎಂದುಕೊಂಡಿದ್ದವನಿಗೆ ಈಗ ಮೀಟರಿನ ಅಂಕಿಯನ್ನು ಕಂಡರೇ ಕೈ ಬೆವರುತ್ತದೆ.

ಮೊನ್ನೆ, ಆ ವ್ಯಾಸಲೀನ್ ಡಬ್ಬಿಯ ಬೆಳಿಗ್ಗೆ, ಒಂದು ಬ್ಯಾಟರಿ ಪಾಯಿಂಟ್ ನಾಲ್ಕು ತೋರಿಸಿತು. ಆಗಲೇ ಫೋನು ಬಡಿದುಕೊಳ್ಳತೊಡಗಿತು. ಕಾಕು. ನಾನು ಎತ್ತಲಿಲ್ಲ. ಚಾರ್ಜರ್ ಹಚ್ಚಿ ಅದರ ಎದುರು ಕೂತೆ. ಫೋನು ಮತ್ತೆ ಬಂತು, ಮತ್ತೆ ಬಂತು. ಎತ್ತಲಿಲ್ಲ. ನರೇಶ ಊಟಕ್ಕೆ ಕರೆದ, ಹೋಗಲಿಲ್ಲ. ತುಂಬಿದ ಮೇಲೆ ಚಾರ್ಜರ್ ತೆಗೆದ ಕೂಡಲೇ ನೋಡಿದರೆ ಮೀಟರು ಬಡಾಯಿ ಹೇಳುತ್ತದೆ ಎಂದು ಕಾಕಾ ಕಲಿಸಿದ್ದರಿಂದ, ಇನ್ನೂ ಬಹಳ ಹೊತ್ತು ಕಾದು ಹಚ್ಚಿ ನೋಡಿದೆ. ಸಂಜೆಯಾಗಿತ್ತು. ನಾನೇ ಫೋನ್ ಮಾಡಿದೆ.

"ಪಾಯಿಂಟ್ ಏಳ್ರಿ ಕಾಕು. ಎರಡೂ."

"ಮುಂಜಾನಿಂದ ಯಾಕ ಎತ್ತಲಿಲ್ಲ?"

"ಸ್ನಾನಾ ಮಾಡಾಕತ್ತಿದ್ದೆರಿ."

"ಸಂಜೀತನಾ?"

ಆ ಕಡೆ, ಕಾಕು ಹಿಂದೆ ಎಲ್ಲೋ, ಕಾಕಾ ಸೀಟಿ ಹೊಡೆಯುವುದು ಸಣ್ಣಗೆ ಕೇಳಿಸುತ್ತಿತ್ತು. ಮನೆಯಲ್ಲೇ.

"ಪವ್ಯಾ," ಎಂದರು ಕಾಕು, ದನಿ ತಗ್ಗಿಸಿ. "ಕಡಿಮಿ ಬಂದ ದಿನ ಫೋನ್ ಎತ್ತು. ನೀ ಒಬ್ಬನs ಯಾಕ ಅಂಜತಿ? ಇಬ್ರೂ ಕೂಡಿ ಅಂಜೂಣು."